ಲಾಸ್ ಏಂಜಲೀಸ್ ನ್ಯಾಯಾಧೀಶರ 'ಲಂಚ': ಸತ್ಯಾಂಶ ಏನು?

ಕ್ಯಾಲಿಫೋರ್ನಿಯಾದಲ್ಲಿರುವ ನೆಂಟರಿಂದ ಒಂದು ಫಾರ್ವರ್ಡ್ ಬಂತು. 'ಲಾಸ್ ಏಂಜಲೀಸ್ ಕೌಂಟಿ ಅಲ್ಲಿನ ನ್ಯಾಯಾಧೀಶರಿಗೆ ಗುಟ್ಟಾಗಿ ಲಂಚ ಕೊಟ್ಟಿದೆ, ಅವರ ತೀರ್ಪುಗಳೆಲ್ಲ ರದ್ದು' ಅಂತ. (ಕೌಂಟಿ ಅಂದರೆ ನಮ್ಮ ಜಿಲ್ಲೆಯಂಥ ಸ್ಥಳೀಯ ಆಡಳಿತ.)

ಹಣ ಕೊಟ್ಟಿದ್ದು ನಿಜ. ಅದು ಗುಟ್ಟಾಗಿರಲಿಲ್ಲ, ಲಂಚವೂ ಅಲ್ಲ.

ಹಿಂದೆ ಅಲ್ಲಿ ಕೆಳಹಂತದ ಕೋರ್ಟುಗಳ ಖರ್ಚಿನ ದೊಡ್ಡ ಪಾಲು ಕೌಂಟಿಗಳದ್ದೇ ಆಗಿತ್ತು. 1997ರ ಕಾನೂನು ಆ ಹೊಣೆಯನ್ನು ರಾಜ್ಯಕ್ಕೆ ಕೊಟ್ಟಿತು. ಆದರೂ ಲಾಸ್ ಏಂಜಲೀಸ್ ಕೌಂಟಿ ರಾಜ್ಯದ ಸಂಬಳದ ಮೇಲೆ ತನ್ನ ಭತ್ಯೆ ಮುಂದುವರಿಸಿತು. 2007ರಲ್ಲಿ ಅದು ಒಬ್ಬ ನ್ಯಾಯಾಧೀಶರಿಗೆ ವರ್ಷಕ್ಕೆ 46,436 ಡಾಲರ್, ಅಂದರೆ ಸಂಬಳದ ಶೇ. 27ರಷ್ಟು. ಜಾಸ್ತಿಯೇ, ಅಲ್ವಾ?

ತೆರಿಗೆದಾರರೊಬ್ಬರು ಇದನ್ನು ಪ್ರಶ್ನಿಸಿದರು. 2008ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿದ್ದು ಇಷ್ಟು: ನ್ಯಾಯಾಧೀಶರ ಸಂಬಳ, ಭತ್ಯೆ ಗೊತ್ತು ಮಾಡಬೇಕಾದದ್ದು ರಾಜ್ಯದ ಶಾಸನಸಭೆ. ಆ ಕೆಲಸ ಕೌಂಟಿಗೆ ಬಿಡುವಂತಿಲ್ಲ. ಯಾರನ್ನೂ ಭ್ರಷ್ಟರು ಅನ್ನಲಿಲ್ಲ, ಹಳೆಯ ತೀರ್ಪುಗಳನ್ನು ರದ್ದು ಮಾಡಲೂ ಇಲ್ಲ.

2009ರಲ್ಲಿ ಶಾಸನಸಭೆಯೇ ಕಾನೂನು ತಂದು ಭತ್ಯೆಗೆ ಒಪ್ಪಿಗೆ ಕೊಟ್ಟಿತು. ಹಿಂದಿನ ಪಾವತಿಗಾಗಿ ಯಾರ ಮೇಲೂ ಕ್ರಮ ಬೇಡ ಅಂತಲೂ ಅದರಲ್ಲಿದೆ. ಫಾರ್ವರ್ಡ್ ಇದನ್ನೇ 'ತಪ್ಪೊಪ್ಪಿಗೆ' ಅನ್ನುತ್ತದೆ. ಅದು ಹಾಗಲ್ಲ. 2010ರಲ್ಲಿ ಕೋರ್ಟು ಆ ಕಾನೂನನ್ನು ಎತ್ತಿಹಿಡಿಯಿತು.

ಒಂದು ಅಳುಕು ಮಾತ್ರ ನ್ಯಾಯವಾದದ್ದೇ. ಕೌಂಟಿಯ ವಿರುದ್ಧದ ಕೇಸುಗಳೂ ಇದೇ ನ್ಯಾಯಾಧೀಶರ ಮುಂದೆ ಬರುತ್ತವೆ. ಎಲ್ಲರ ಭತ್ಯೆಯನ್ನೂ ರಾಜ್ಯವೇ ಒಂದೇ ಅಳತೆಯಲ್ಲಿ ಕೊಟ್ಟರೆ ಒಳ್ಳೆಯದು ಅಂತ ನನಗನ್ನಿಸುತ್ತದೆ. ಹಾಗಂತ ಲಂಚ ಅನ್ನೋದು ಸುಮ್ನೆ ಹೊರಿಸುವ ಆರೋಪ.