ಮೈ ನಿಮ್ಮದು, ಹೆಸರು ನಮ್ಮದು

ಅಮೆರಿಕದ ಡಬ್ಲ್ಯುಡಬ್ಲ್ಯುಇ ಕಂಪನಿಯ ಕುಸ್ತಿ ನಿಜವೋ ನಾಟಕವೋ ಎಂಬ ಜಗಳ ನಮ್ಮ ಮನೆಗಳಿಗೆ ಕೇಬಲ್ ಟಿವಿ ಬಂದ ಕಾಲದಿಂದಲೂ ನಡೆಯುತ್ತಿದೆ. ಅದನ್ನು ಇವತ್ತಿಗೆ ಮುಗಿಸಿಬಿಡೋಣ. ಎತ್ತಿ ಒಗೆಯುವುದು ನಿಜ, ಬೀಳುವುದು ನಿಜ, ಮುರಿಯುವ ಮೂಳೆಯೂ ನಿಜ. ಯಾರು ಗೆಲ್ಲಬೇಕೆಂಬುದು ಮೊದಲೇ ಬರೆದದ್ದು. ಅದನ್ನು ಕಂಪನಿಯೇ ಒಪ್ಪಿಕೊಂಡು ಎಷ್ಟೋ ವರ್ಷಗಳಾದವು. ಹಾಗಾದರೆ ಹಸಿ ಸುಳ್ಳು ಇರುವುದೆಲ್ಲಿ? ಪೈಲ್ವಾನ ಸಹಿ ಹಾಕುವ ಒಪ್ಪಂದಪತ್ರದಲ್ಲಿ. ಅಲ್ಲಿ ಅವನು ‘ಸ್ವತಂತ್ರ ಗುತ್ತಿಗೆದಾರ’.

ಮನೆಗೆ ಬಣ್ಣ ಬಳಿಯಲು ಬರುವವನು ಸ್ವತಂತ್ರ ಗುತ್ತಿಗೆದಾರ. ಬ್ರಷ್ ಅವನದು, ಏಣಿ ಅವನದು, ಬರುತ್ತೇನೆಂದ ದಿನ ಬಾರದೇ ಇರುವ ಹಕ್ಕೂ ಅವನದೇ. ಪೈಲ್ವಾನನ ಸ್ವಾತಂತ್ರ್ಯ ಇದಕ್ಕಿಂತ ಉನ್ನತ ದರ್ಜೆಯದು. ಯಾವ ಊರು, ಯಾವ ದಿನ, ಎದುರಾಳಿ ಯಾರು, ಎಷ್ಟು ನಿಮಿಷ ಹೊಡೆಸಿಕೊಳ್ಳಬೇಕು, ಯಾವ ಪಟ್ಟಿಗೆ ಮಣಿಯಬೇಕು, ಮೈಕ್ ಹಿಡಿದು ಏನೆಂದು ಅಬ್ಬರಿಸಬೇಕು ಎಂಬುದನ್ನೆಲ್ಲ ಕಂಪನಿ ನಿರ್ಧರಿಸಿ ತಿಳಿಸುತ್ತದೆ. ಬೇರೆ ಕಂಪನಿಯ ಅಖಾಡದತ್ತ ಕಣ್ಣು ಹಾಯಿಸುವಂತಿಲ್ಲ. ಕೆಲಸದಿಂದ ತೆಗೆದುಹಾಕಿದ ಮೇಲೂ ಮುಖ್ಯ ತಂಡದವನಾಗಿದ್ದರೆ ಸಾಮಾನ್ಯವಾಗಿ 90 ದಿನ ಮನೆಯಲ್ಲೇ ಕೂತಿರಬೇಕು. ಇವಿಷ್ಟನ್ನು ಬಿಟ್ಟರೆ ಉಳಿದದ್ದರಲ್ಲಿ ಅವನು ಸರ್ವತಂತ್ರ ಸ್ವತಂತ್ರ. ಹೋಟೆಲ್ ಕೋಣೆಯ ಬಿಲ್ಲನ್ನು ಸ್ವತಂತ್ರವಾಗಿ ಕಟ್ಟಬಹುದಿತ್ತು, ಬಾಡಿಗೆ ಕಾರನ್ನು ಸ್ವತಂತ್ರವಾಗಿ ಹಿಡಿಯಬಹುದಿತ್ತು, ಆರೋಗ್ಯ ವಿಮೆಯನ್ನು ಸ್ವಂತ ದುಡ್ಡಿನಲ್ಲಿ ಮಾಡಿಸಿಕೊಳ್ಳಬಹುದು. ದಶಕಗಳ ಕಾಲ ನಡೆದುಬಂದ ಪದ್ಧತಿ ಇದು. ಕಂಪನಿ ಕಟುಕನೇನಲ್ಲ. ವಿಮಾನದ ಟಿಕೆಟ್ ಕೊಡುತ್ತದೆ, ಅಖಾಡದಲ್ಲಾದ ಗಾಯಕ್ಕೆ ಚಿಕಿತ್ಸೆಯನ್ನೂ ಕೊಡಿಸುತ್ತದೆ. ಕೊಡಿಸದಿದ್ದರೆ ಮುಂದಿನ ಸೋಮವಾರ ಎತ್ತಿ ಒಗೆಯುವುದು ಯಾರನ್ನು?

ಬೆಂಗಳೂರಿನ ಮಳೆಯಲ್ಲಿ ಬಿರಿಯಾನಿ ಪೊಟ್ಟಣ ಹೊತ್ತು ಓಡುವ ಹುಡುಗನಿಗೆ ಈ ಬಗೆಯ ಸ್ವಾತಂತ್ರ್ಯದ ರುಚಿ ಗೊತ್ತು. ಅವನಿಗೆ ‘ಪಾಲುದಾರ’ ಎಂಬ ಬಿರುದಿದೆ. ಅವನ ಸಲುವಾಗಿ ಕರ್ನಾಟಕ 2025ರಲ್ಲಿ ಒಂದು ಕಾಯ್ದೆಯನ್ನಾದರೂ ಮಾಡಿತು. ಪೈಲ್ವಾನನಿಗೆ ಅಷ್ಟೂ ಇಲ್ಲ.

ಇನ್ನು ದಿನಚರಿ. ಸೋಮವಾರ ಒಂದು ನೇರಪ್ರಸಾರ, ಶುಕ್ರವಾರ ಇನ್ನೊಂದು, ಟಿವಿಯಲ್ಲಿ ಬಾರದ ಊರೂರಿನ ಪ್ರದರ್ಶನಗಳು ಬೇರೆ. ಈ ಊರೂರು ತಿರುಗಾಟ ಈಗ ಕಡಿಮೆಯಾಗಿದೆ. ಹಿಂದೆ ವರ್ಷದ ಮುಕ್ಕಾಲು ಪಾಲು ರಸ್ತೆಯಲ್ಲೇ ಕಳೆಯುತ್ತಿತ್ತು. ಜಗತ್ತಿನ ಬಹುತೇಕ ಆಟಗಳಿಗೆ ಒಂದು ಋತು ಇದೆ, ಋತು ಮುಗಿದ ಮೇಲೆ ವಿಶ್ರಾಂತಿಯೂ ಇದೆ. ಇದಕ್ಕೆ ಇಲ್ಲ. ರಜೆ ಬೇಕೆಂದರೆ ಅರ್ಜಿಯ ಬದಲು ಎಕ್ಸ್‌ರೇ ಕೊಡಬೇಕು. 2007ರ ಅಕ್ಟೋಬರ್ 1ರಂದು ಪಂದ್ಯದ ನಡುವೆ ಜಾನ್ ಸೀನಾ ಅವರ ಎದೆಯ ಸ್ನಾಯು ಹರಿಯಿತು. ಅವರು ಪಂದ್ಯವನ್ನು ಮುಗಿಸಿದರು. ಅಷ್ಟೇ ಅಲ್ಲ, ಅದಾದ ಮೇಲೆ ಕಥೆಯಲ್ಲಿ ಬರೆದಿದ್ದಂತೆ ರ‍್ಯಾಂಡಿ ಆರ್ಟನ್ ಕೈಯಲ್ಲಿ ಹೊಡೆತ ತಿಂದು ವೀಕ್ಷಕ ವಿವರಣೆಕಾರರ ಮೇಜಿನ ಮೇಲೆ ಬಿದ್ದು ಮೇಜನ್ನೂ ಮುರಿದರು. ಬರೆದದ್ದನ್ನು ಬಿಟ್ಟು ಮನೆಗೆ ಹೋಗುವುದು ಎಲ್ಲಿಯ ಶಿಸ್ತು? ಚೇತರಿಸಿಕೊಳ್ಳಲು ಏಳು ತಿಂಗಳಿಂದ ಒಂದು ವರ್ಷ ಬೇಕೆಂದು ಅಂದಾಜಿಸಲಾಗಿತ್ತು. ನಾಲ್ಕು ತಿಂಗಳು ತುಂಬುವ ಮೊದಲೇ, ಜನವರಿಯ ಕೊನೆಯಲ್ಲಿ, ಅವರು ನ್ಯೂಯಾರ್ಕಿನ ಅಖಾಡದಲ್ಲಿದ್ದರು. ಸಭಿಕರು ಕುರ್ಚಿ ಬಿಟ್ಟೆದ್ದು ಕುಣಿದರು. ನಮ್ಮ ಸರ್ಕಾರಿ ಕಚೇರಿಗಳಲ್ಲಿ ನೆಗಡಿಗೆ ಇದಕ್ಕಿಂತ ದೀರ್ಘ ರಜೆ ಸಿಗುತ್ತದೆ ಎಂದು ಯಾರೂ ಅವರಿಗೆ ಹೇಳಿದಂತಿಲ್ಲ.

ಬಾಡಿಗೆ ಉಳಿಸಲು ಮೂರು ನಾಲ್ಕು ಪೈಲ್ವಾನರು ಒಂದೇ ಕಾರಿನಲ್ಲಿ ತುಂಬಿಕೊಂಡು ಹೋಗುವುದು ಹಳೆಯ ರೂಢಿ. ಆದರೆ ಒಂದು ಕಾಲದಲ್ಲಿ ಅದಕ್ಕೂ ಕಟ್ಟುಪಾಡಿತ್ತು: ನಾಯಕನ ಕಾರಿನಲ್ಲಿ ಖಳನಾಯಕ ಕೂರುವಂತಿರಲಿಲ್ಲ. 1987ರ ಮೇ ತಿಂಗಳಲ್ಲಿ ನ್ಯೂಜೆರ್ಸಿಯ ಹೆದ್ದಾರಿಯಲ್ಲಿ ಪೊಲೀಸರು ಒಂದು ಕಾರನ್ನು ತಡೆದರು. ಒಳಗಿದ್ದವರು ಅಮೆರಿಕದ ಧ್ವಜ ಹಿಡಿದು ಗುಡುಗುತ್ತಿದ್ದ ಜಿಮ್ ಡುಗ್ಗನ್ ಮತ್ತು ಅಮೆರಿಕವನ್ನು ಉಗಿಯುವುದನ್ನೇ ಕಸುಬಾಗಿಸಿಕೊಂಡಿದ್ದ ಇರಾನಿನ ಐರನ್ ಶೇಕ್. ಕಾರಿನಲ್ಲಿ ಮಾದಕವಸ್ತು ಸಿಕ್ಕಿತು. ಅದಾದರೂ ಮನುಷ್ಯ ಸಹಜ ದೌರ್ಬಲ್ಯ ಎಂದುಕೊಳ್ಳಬಹುದಿತ್ತು. ಬದ್ಧವೈರಿಗಳು ಪಕ್ಕಪಕ್ಕ ಕೂತು ಪಯಣಿಸುತ್ತಿದ್ದರಲ್ಲ, ಆ ಘೋರ ಅಪರಾಧವನ್ನು ಕ್ಷಮಿಸುವುದು ಹೇಗೆ? ಇಬ್ಬರೂ ಕೆಲಸ ಕಳೆದುಕೊಂಡರು.

ಅದಾಗಿ ಎರಡು ವರ್ಷಕ್ಕೆ, ಅದೇ ನ್ಯೂಜೆರ್ಸಿಯ ಶಾಸಕರ ಮುಂದೆ ಕಂಪನಿಯೇ ನಿಂತು, ‘ಸ್ವಾಮಿ, ಇದು ಕ್ರೀಡೆಯಲ್ಲ, ಬರೀ ಮನರಂಜನೆ’ ಎಂಬರ್ಥದ ಮಾತಾಡಿತು. ಪ್ರಾಮಾಣಿಕತೆ ಉಕ್ಕಿ ಬಂದದ್ದೇನಲ್ಲ. ಕ್ರೀಡೆಯಾದರೆ ಕ್ರೀಡಾ ಆಯೋಗದ ನಿಯಮ, ತೆರಿಗೆ ಎಲ್ಲ ಬೀಳುತ್ತದೆ. ಅಲ್ಲಿಂದೀಚೆಗೆ ಈ ಕಸುಬು ಅಡ್ಡಗೋಡೆಯ ಮೇಲಿನ ದೀಪ. ಮನರಂಜನೆಯಾದರೆ ಹಾಲಿವುಡ್ ನಟರಿಗಿರುವಂತೆ ಒಂದು ಸಂಘ? ಛೆ, ಇವರು ನಟರಲ್ಲ, ಬೆವರು ಸುರಿಸುವ ಮಲ್ಲರು. ಹಾಗಾದರೆ ಫುಟ್‌ಬಾಲ್, ಬೇಸ್‌ಬಾಲ್ ಆಟಗಾರರಿಗಿರುವಂತೆ ಸಂಘ? ಛೆ ಛೆ, ಇದು ಕ್ರೀಡೆಯೇ ಅಲ್ಲ ಎಂದು ಆಗಲೇ ಹೇಳಿಲ್ಲವೇ?

2020ರ ಏಪ್ರಿಲ್‌ನಲ್ಲಿ, ಕೊರೊನಾ ಕಾಲದಲ್ಲಿ, ಇದಕ್ಕೆ ಮೂರನೆಯ ಅವತಾರವೂ ಬಂತು. ಫ್ಲಾರಿಡಾ ರಾಜ್ಯ ಕುಸ್ತಿಯ ಚಿತ್ರೀಕರಣವನ್ನು ಅಗತ್ಯ ಸೇವೆಗಳ ಪಟ್ಟಿಗೆ ಸೇರಿಸಿತು. ಹಾಲು, ಔಷಧಿ, ಆಂಬುಲೆನ್ಸ್, ಕುತ್ತಿಗೆ ಪಟ್ಟು. ಕಂಪನಿಯ ಆಗಿನ ಒಡೆಯ ವಿನ್ಸ್ ಮೆಕ್‌ಮಹನ್ ಅವರನ್ನು ಅಮೆರಿಕದ ಆರ್ಥಿಕತೆಯನ್ನು ಮೇಲೆತ್ತುವ ಸಲಹೆಗಾರರ ಪಟ್ಟಿಗೆ ಅಧ್ಯಕ್ಷ ಟ್ರಂಪ್ ಸೇರಿಸಿಕೊಂಡರು. ಅದೇ ವಾರ, ಏಪ್ರಿಲ್ 15ರಂದು, ಕಂಪನಿ ಇಪ್ಪತ್ತಕ್ಕೂ ಹೆಚ್ಚು ಪೈಲ್ವಾನರನ್ನು ಮನೆಗೆ ಕಳಿಸಿತು. ಸೇವೆ ಅಗತ್ಯ, ಸೇವಕರು ಅನಗತ್ಯ. ಹಾಗೆ ಹೊರಬಿದ್ದವರಲ್ಲಿ ಡ್ರೇಕ್ ಮಾವೆರಿಕ್ ಎಂಬವರಿದ್ದರು. ಒಂದು ಟೂರ್ನಿಯ ಪಟ್ಟಿಯಲ್ಲಿ ಅವರ ಹೆಸರು ಆಗಲೇ ಅಚ್ಚಾಗಿತ್ತು. ಕೆಲಸ ಹೋದ ದುಃಖದಲ್ಲಿ ಕಣ್ಣೀರಿಡುತ್ತಾ ಅವರು ಹಾಕಿದ ವಿಡಿಯೊ ಊರೆಲ್ಲ ಹರಿದಾಡಿತು. ಕಂಪನಿ ಏನು ಮಾಡಿತು? ಕೆಲಸದಿಂದ ತೆಗೆದವರನ್ನೇ ಟೂರ್ನಿಯಲ್ಲಿ ಆಡಿಸಿತು, ಕಣ್ಣೀರನ್ನೇ ಕಥೆಯಾಗಿಸಿತು, ಫೈನಲ್‌ವರೆಗೆ ಒಯ್ದು ಸೋಲಿಸಿತು, ಆಮೇಲೆ ಕ್ಯಾಮೆರಾ ಮುಂದೆಯೇ ಹೊಸ ಒಪ್ಪಂದಪತ್ರ ಕೈಗಿಟ್ಟಿತು. ಒಳ್ಳೆಯ ಮುಕ್ತಾಯ, ನನಗೂ ಇಷ್ಟವಾಯಿತು. ಉಳಿದವರಿಗೆ ಅಷ್ಟು ಚೆನ್ನಾಗಿ ಅಳಲು ಬರಲಿಲ್ಲವೇನೋ.

ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುತ್ತೇವೆ. ಗಾದೆಯ ಆ ಜಟ್ಟಿಗೆ ಮೀಸೆಯಾದರೂ ಸ್ವಂತದ್ದಿತ್ತು. ಇಲ್ಲಿ ಹೆಸರೇ ಕಂಪನಿಯ ಆಸ್ತಿ. ಅಲ್ಟಿಮೇಟ್ ವಾರಿಯರ್ ಎಂದು ಮೆರೆದ ಜೇಮ್ಸ್ ಹೆಲ್‌ವಿಗ್ ಇದರಿಂದ ಪಾರಾಗಲು 1993ರಲ್ಲಿ ಕಾನೂನು ಪ್ರಕಾರ ತಮ್ಮ ಹೆಸರನ್ನೇ ‘ವಾರಿಯರ್’ ಎಂದು ಬದಲಿಸಿಕೊಂಡರು. ಕೋಡಿ ರೋಡ್ಸ್ ಅವರ ಕಥೆ ಇನ್ನೂ ಸೊಗಸು. ‘ರೋಡ್ಸ್’ ಎಂಬುದು ಅವರ ತಂದೆ ಡಸ್ಟಿ ರೋಡ್ಸ್ ಅಖಾಡದಲ್ಲಿ ಗಳಿಸಿದ ಹೆಸರು. ಮಗ 2016ರಲ್ಲಿ ಕಂಪನಿ ಬಿಟ್ಟಾಗ ಆ ಹೆಸರು ಗೇಟಿನಲ್ಲೇ ಉಳಿಯಿತು. ಕೆಲವು ವರ್ಷ ಅವರು ಬೋಳು ‘ಕೋಡಿ’ಯಾಗಿ ಕಾದಾಡಬೇಕಾಯಿತು. 2020ರಲ್ಲಿ ಹೆಸರಿನ ಹಕ್ಕು ಮರಳಿ ದಕ್ಕಿತು. ಪಿತ್ರಾರ್ಜಿತ ಹೊಲಕ್ಕಾಗಿ ದಾಯಾದಿಗಳು ಕೋರ್ಟಿಗೆ ಅಲೆಯುವುದನ್ನು ಕಂಡಿದ್ದೇವೆ. ತಂದೆಯ ಹೆಸರನ್ನು ಕಂಪನಿಯಿಂದ ಬಿಡಿಸಿಕೊಂಡು ಬರುವ ಸ್ವತಂತ್ರ ಉದ್ಯಮಿಯನ್ನು ಕಂಡಿರಲಿಲ್ಲ.

ಸಂಘ ಕಟ್ಟಬಾರದೇ ಎಂದು ಕೇಳುತ್ತೀರಿ. 1986ರಲ್ಲಿ ಪೈಲ್ವಾನ ಜೆಸ್ಸಿ ವೆಂಚುರಾ ಆ ಮಾತೆತ್ತಿದರು. ಸುದ್ದಿ ಒಡೆಯನ ಕಿವಿಗೆ ಬಿತ್ತು, ಸಂಘ ಹುಟ್ಟಲಿಲ್ಲ. ಕಿವಿಗೆ ಹಾಕಿದವರು ಕಂಪನಿಯ ಆಗಿನ ದೊಡ್ಡ ತಾರೆ ಹಲ್ಕ್ ಹೋಗನ್ ಎಂಬುದು ವರ್ಷಗಳ ಮೇಲೆ ಒಂದು ಮೊಕದ್ದಮೆಯ ಹೇಳಿಕೆಗಳ ನಡುವೆ ತಿಳಿಯಿತು ಎಂದು ವೆಂಚುರಾ ಹೇಳುತ್ತಾ ಬಂದಿದ್ದಾರೆ. ಅವರು ಮುಂದೆ ಮಿನೆಸೊಟಾ ರಾಜ್ಯದ ಗವರ್ನರ್ ಆದರು. ಚುನಾವಣೆ ಗೆಲ್ಲುವುದು ಅಷ್ಟೇನೂ ಕಷ್ಟದ ಕೆಲಸವಲ್ಲ. 2020ರ ಸೆಪ್ಟೆಂಬರ್‌ನಲ್ಲಿ ಕಂಪನಿ, ಬಿಡುವಿನಲ್ಲಿ ಮನೆಯಲ್ಲಿ ಕೂತು ವಿಡಿಯೊ ಗೇಮ್ ಆಡಿ, ಅಭಿಮಾನಿಗಳಿಗೆ ಹುಟ್ಟುಹಬ್ಬದ ಶುಭಾಶಯದ ವಿಡಿಯೊ ಮಾರಿ ನಾಲ್ಕು ಕಾಸು ಗಳಿಸುತ್ತಿದ್ದ ಪೈಲ್ವಾನರಿಗೆ ಅದನ್ನೆಲ್ಲ ನಿಲ್ಲಿಸಲು ಆಜ್ಞಾಪಿಸಿತು. ಎರಡು ತಿಂಗಳ ಮೇಲೆ ಜೆಲಿನಾ ವೇಗಾ ಸಂಘಟನೆಗೆ ತಮ್ಮ ಬೆಂಬಲವಿದೆ ಎಂದು ಟ್ವೀಟ್ ಮಾಡಿದ ದಿನವೇ ಅವರ ಬಿಡುಗಡೆಯ ಪ್ರಕಟಣೆಯೂ ಬಂತು. ಬಿಡುಗಡೆ ಎಂದರೆ ಕೆಲಸದಿಂದ. ಕೈದಿಗಳಿಗೆ ಬಳಸುವ ಆ ಪದವನ್ನು ಆರಿಸಿದವರು ಕಂಪನಿಯವರೇ, ನಾನಲ್ಲ.

ಇದೇ ಕಂಪನಿಯ ಸಿಇಒ ಆಗಿದ್ದ ಲಿಂಡಾ ಮೆಕ್‌ಮಹನ್ 2017ರಲ್ಲಿ ಅಮೆರಿಕ ಸರ್ಕಾರದ ಸಣ್ಣ ಉದ್ದಿಮೆಗಳ ಇಲಾಖೆಯ ಮುಖ್ಯಸ್ಥೆಯಾದರು. ಯೋಗ್ಯ ನೇಮಕ. ಒಬ್ಬೊಬ್ಬ ಪೈಲ್ವಾನನನ್ನೂ ಒಂದೊಂದು ಸಣ್ಣ ಉದ್ದಿಮೆಯನ್ನಾಗಿ ಪರಿವರ್ತಿಸಿದ ಅನುಭವ ದೇಶದಲ್ಲಿ ಬೇರೆ ಯಾರಿಗಿತ್ತು?

ಈ ಸ್ವಾತಂತ್ರ್ಯವನ್ನು ನಿಜಕ್ಕೂ ಅನುಭವಿಸಿದವರು ಬ್ರಾಕ್ ಲೆಸ್ನರ್. ಎಡೆಬಿಡದ ತಿರುಗಾಟ ಸಾಕೆನಿಸಿ 2004ರಲ್ಲಿ, ಕೀರ್ತಿಯ ತುದಿಯಲ್ಲಿದ್ದಾಗಲೇ ಬಿಟ್ಟು ಹೊರಟರು. ಕೊನೆಯ ಪಂದ್ಯ ಗೋಲ್ಡ್‌ಬರ್ಗ್ ಎದುರು. ಅವರದ್ದೂ ಅಂದೇ ಕೊನೆ ಎಂಬುದು ಸಭೆಗೆ ಗೊತ್ತಿತ್ತು. ನ್ಯೂಯಾರ್ಕಿನ ಜನ ಇಬ್ಬರನ್ನೂ ಸಮಸಮವಾಗಿ ಛೀಮಾರಿ ಹಾಕಿದರು. ಎರಡು ಬೆಟ್ಟಗಳಂಥ ಗಂಡಸರು ನಿಮಿಷಗಟ್ಟಲೆ ಸುಮ್ಮನೆ ಮುಖಮುಖ ನೋಡುತ್ತಾ ನಿಂತರು, ನಿವೃತ್ತಿಯ ಹಿಂದಿನ ದಿನದ ಗುಮಾಸ್ತರು ಕಡತ ನೋಡುವಂತೆ. ಕೊನೆಗೆ ರೆಫರಿಯಾಗಿದ್ದ ಸ್ಟೋನ್ ಕೋಲ್ಡ್ ಸ್ಟೀವ್ ಆಸ್ಟಿನ್ ಇಬ್ಬರನ್ನೂ ಉರುಳಿಸಿ ಬೀಳ್ಕೊಟ್ಟರು. ಲೆಸ್ನರ್ ಅಮೆರಿಕನ್ ಫುಟ್‌ಬಾಲ್‌ಗೆ ಹೋದರು, ತಂಡ ಕೈಬಿಟ್ಟಿತು; ನಿಜವಾದ ಹೊಡೆದಾಟದ ಯುಎಫ್‌ಸಿಗೆ ಹೋದರು, 2008ರಲ್ಲಿ ಚಾಂಪಿಯನ್ ಆದರು. 2012ರಲ್ಲಿ ಮರಳಿದಾಗ ಅವರ ಕೈಯಲ್ಲಿದ್ದದ್ದು ಬೆರಳೆಣಿಕೆಯ ದಿನ ಬಂದರೆ ಸಾಕೆಂಬ ಒಪ್ಪಂದ. 2017ರಲ್ಲಿ ಪಟ್ಟ ಗೆದ್ದು 504 ದಿನ ಇಟ್ಟುಕೊಂಡರು. ಅದರಲ್ಲಿ ಎಷ್ಟೋ ವಾರ ಚಾಂಪಿಯನ್ ಕಾಣೆ. ಪಟ್ಟುಗಳಲ್ಲೆಲ್ಲ ದೊಡ್ಡ ಪಟ್ಟು ಯಾವುದೆಂದರೆ, ಗೈರುಹಾಜರಿ.

ಕೆಲಸಕ್ಕೇ ಬಾರದ ಚಾಂಪಿಯನ್ ನಮಗೇಕೆ ಎಂದು 2018ರಲ್ಲಿ ಅಖಾಡದ ನಡುವೆ ನಿಂತು ಗುಡುಗಿದವರು ರೋಮನ್ ರೇನ್ಸ್. ಮುಂದೆ ಅವರೇ 1,316 ದಿನ ಚಾಂಪಿಯನ್ ಆಗಿದ್ದರು, ನಡುವೆ 2022ರಲ್ಲಿ ಕಡಿಮೆ ದಿನಗಳ ಒಪ್ಪಂದ ಮಾಡಿಕೊಂಡು ಅವರೂ ಅಪರೂಪದ ಅತಿಥಿಯಾದರು. 2024ರ ಏಪ್ರಿಲ್ 7ರ ಭಾನುವಾರ ರಾತ್ರಿ ಆ ಪಟ್ಟವನ್ನು ಕಿತ್ತುಕೊಂಡವರು ಕೋಡಿ ರೋಡ್ಸ್, ತಂದೆಯ ಹೆಸರಿನ ಸಮೇತ. ಮರುದಿನ ಸೋಮವಾರ. ಹೊಸ ಚಾಂಪಿಯನ್ ಸಮಯಕ್ಕೆ ಸರಿಯಾಗಿ ಕೆಲಸಕ್ಕೆ ಹಾಜರಾಗಿದ್ದರು.