ಗಾಂಧಿ ಬಜಾರ್‌ನಲ್ಲಿ ಯಾವ ಲೇನ್ ಹೋಯಿತು, ಹೇಳಿ

ನಿನ್ನೆ ಸಂಜೆ ಸಭೆಯಿಂದ ಬಂದಾಗಿನಿಂದ ತಲೆ ಬಿಸಿಯಾಗಿದೆ. ಬರೆಯದೆ ಸಮಾಧಾನವಿಲ್ಲ. ಫುಟ್‌ಪಾತ್ ದೊಡ್ಡದು ಮಾಡಿ ಹೊಸದಾಗಿ ಕಟ್ಟಿದ ನಮ್ಮ ಬಸವನಗುಡಿಯ ಗಾಂಧಿ ಬಜಾರ್ ಮುಖ್ಯರಸ್ತೆಯನ್ನು ಮತ್ತೆ ಅಗಲ ಮಾಡಿಸಬೇಕಂತೆ. ಹೊಸ ಫುಟ್‌ಪಾತ್ ಒಡೆಸಿ, ಹೋದ ಲೇನ್ ವಾಪಸ್ ತರಬೇಕಂತೆ. ಹೇಳಿದವರು ಯಾರೋ ಹೊರಗಿನವರಲ್ಲ. ದಿನಾ ಎದುರು ಸಿಕ್ಕರೆ ನಮಸ್ಕಾರ ಹೇಳುವ ಹಿರಿಯರು, ಚಿಕ್ಕಂದಿನಿಂದ ಸಾಮಾನು ತಂದ ಅಂಗಡಿಗಳ ಯಜಮಾನರು, ನನ್ನ ಜೊತೆ ಓದಿದವರು. ಅರ್ಧ ಸಭೆ ಚಪ್ಪಾಳೆ ತಟ್ಟಿತು. ಅದಕ್ಕೇ ಜಾಸ್ತಿ ಬೇಜಾರಾಯಿತು.

ನನ್ನ ಪ್ರಶ್ನೆ ಒಂದೇ. ಯಾವ ಲೇನ್ ಹೋಯಿತು?

ಹಳೇ ರಸ್ತೆ ನೆನಪಿದೆ ಅಲ್ವಾ? ಎಡಗಡೆ ಒಂದಕ್ಕೊಂದು ಆತುಕೊಂಡು ನಿಂತ ಸ್ಕೂಟರ್ ಸಾಲು. ಅದರ ಪಕ್ಕ ಇಂಡಿಕೇಟರ್ ಮಿಣುಕಿಸುತ್ತಾ ನಿಂತ ಕಾರು. ಹೆಂಡತಿ ಹೂವು ತರಲು ಇಳಿದಿರುತ್ತಾರೆ, ಗಂಡ ಸ್ಟೀರಿಂಗ್ ಹಿಡಿದು ಕೂತು, ಯಾರು ಹಾರನ್ ಹೊಡೆದರೂ ಕೈ ಆಡಿಸಿ 'ಎರಡೇ ನಿಮಿಷ ಸಾರ್' ಅನ್ನುತ್ತಾರೆ. ಬಲಗಡೆಯೂ ಇದೇ ಕಥೆ. ಫುಟ್‌ಪಾತ್ ಮೇಲೆ ಅಲುಗಾಡುವ ಚಪ್ಪಡಿ, ಒಂದು ಕಡೆ ಕಾಲಿಟ್ಟರೆ ಇನ್ನೊಂದು ಕಡೆ ಮೇಲೇಳುತ್ತಿತ್ತು, ಮಳೆಗಾಲದಲ್ಲಿ ಅಡಿಯಿಂದ ಕೊಚ್ಚೆ ನೀರು ಸೀರೆಗೆ ಹಾರುತ್ತಿತ್ತು. ಹಾಗಾಗಿ ನಡೆಯುವವರೆಲ್ಲ ರಸ್ತೆಗೇ ಇಳಿಯುತ್ತಿದ್ದರು. ಇಷ್ಟೆಲ್ಲ ಕಳೆದು ನಡುವೆ ಉಳಿದಿದ್ದರಲ್ಲಿ ಗಾಡಿಗಳು ಒಂದೊಂದೇ ಸಾಲಾಗಿ ತೆವಳುತ್ತಿದ್ದವು. ಇವತ್ತು ಗಾಡಿ ಓಡಲು ಇರುವ ಜಾಗ ಅದಕ್ಕಿಂತ ಕಡಿಮೆಯೇನಲ್ಲ. ಹೋಗಿದ್ದು ಪುಕ್ಕಟೆ ಪಾರ್ಕಿಂಗ್. ಅದನ್ನು ಲೇನ್ ಅಂತ ಕರೆಯಬೇಡಿ ದಯವಿಟ್ಟು.

ಈ ಮಾತು ನಮಗೆ ಹೊಸದೂ ಅಲ್ಲ. ಬೆಂಗಳೂರಿನ ರಸ್ತೆಗಳನ್ನು ಫುಟ್‌ಪಾತ್ ಸಮೇತ ಹೊಸದಾಗಿ ಕಟ್ಟಿದ ಟೆಂಡರ್‌ಶೂರ್ ಯೋಜನೆಯಲ್ಲಿ ಸೇಂಟ್ ಮಾರ್ಕ್ಸ್ ರಸ್ತೆ, ರೆಸಿಡೆನ್ಸಿ ರಸ್ತೆ, ಕನ್ನಿಂಗ್‌ಹ್ಯಾಂ ರಸ್ತೆ ಮಾಡಿದಾಗಲೂ ರಸ್ತೆ ಕಿರಿದಾಯಿತು ಅಂತ ಊರೆಲ್ಲ ಕೂಗಾಡಿತ್ತು. ಅಲ್ಲಿ ಮಾಡಿದ್ದು ಇಷ್ಟೇ. ಒಂದು ಕಡೆ ನಾಲ್ಕು ಲೇನ್, ಮುಂದೆ ಎರಡು, ಮತ್ತೆ ಮೂರು ಅಂತ ಹಿಗ್ಗಿ ಕುಗ್ಗುತ್ತಿದ್ದ ರಸ್ತೆಯನ್ನು ಉದ್ದಕ್ಕೂ ಒಂದೇ ಅಳತೆಗೆ ತಂದರು. ಉಳಿದ ಜಾಗ ಫುಟ್‌ಪಾತಿಗೆ ಹೋಯಿತು, ಕೇಬಲ್ಲು ಪೈಪು ಅದರ ಅಡಿಗೆ ಹೋದವು. ರಸ್ತೆ ಎಲ್ಲಿ ಅತಿ ಇಕ್ಕಟ್ಟೋ ಅಲ್ಲಿ ಎಷ್ಟು ಗಾಡಿ ನುಗ್ಗುತ್ತದೋ ಅಷ್ಟೇ ಇಡೀ ರಸ್ತೆಯ ಲೆಕ್ಕ. ಇಲ್ಲಿ ನಮ್ಮ ಗಾಂಧಿ ಬಜಾರಿನ ಟಾಗೋರ್ ಸರ್ಕಲ್ ಸಿಗ್ನಲ್ಲಿನಲ್ಲಿ ನಿಲ್ಲಲೇಬೇಕಾದ ಗಾಡಿಗೆ ಅದಕ್ಕೆ ಮುಂಚೆ ರಸ್ತೆ ಎಷ್ಟು ಅಗಲವಿದ್ದರೇನು? ಸಾಲು ಅಗಲಕ್ಕೆ ನಿಲ್ಲುತ್ತದೆ, ಬೇಗ ಕರಗುವುದಿಲ್ಲ.

ಆಂಬುಲೆನ್ಸ್ ಬಂದರೆ ಏನು ಮಾಡುತ್ತೀರಿ ಅಂತ ಒಬ್ಬರು ಎದ್ದು ನಿಂತು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಆದರೆ ಆಂಬುಲೆನ್ಸಿಗೆ ದಾರಿ ಸಿಗದೆ ಇರುವುದು ಫುಟ್‌ಪಾತಿನಿಂದಲಾ, ಅದರ ಅಂಚಿಗೆ ಅಡ್ಡ ನಿಲ್ಲಿಸಿ ಹೋದ ಕಾರಿನಿಂದಲಾ? ಕೇಳಿದವರ ಕಾರೇ ಸಭೆಯ ಹೊತ್ತಿನಲ್ಲಿ ಹೊಸ ಫುಟ್‌ಪಾತಿನ ಮೇಲೆ ಎರಡು ಚಕ್ರ ಹತ್ತಿಸಿಕೊಂಡು ನಿಂತಿತ್ತು. ನಾನು ಕಣ್ಣಾರೆ ನೋಡಿದ್ದೇನೆ. ಅಲ್ಲೇ ಹೇಳಿದೆ ಕೂಡ. ಅವರಿಗೆ ಸಿಟ್ಟು ಬಂತು. ನನಗೂ ಬಂದಿತ್ತು.

ವ್ಯಾಪಾರ ಬಿದ್ದುಹೋಯಿತು ಅನ್ನುವ ಮಾತಿಗೆ ಬರುತ್ತೇನೆ. ಇದನ್ನು ನಾನು ಹಗುರವಾಗಿ ತಗೊಳ್ಳುವುದಿಲ್ಲ. 2022ರ ಕೊನೆಯಲ್ಲಿ ಅಗೆಯಲು ಶುರು ಮಾಡಿದ ಕೆಲಸ ಹೇಳಿದ ಗಡುವು ದಾಟಿ ಎಳೆದಾಡಿತು. ಅಂಗಡಿ ಬಾಗಿಲಿಗೆ ಗುಂಡಿ, ಮಣ್ಣಿನ ರಾಶಿ, ಧೂಳು. ಆ ನಷ್ಟ ನಿಜ, ಆ ಸಿಟ್ಟೂ ನ್ಯಾಯವೇ. ಬೀದಿ ಬದಿ ಹೂವು ತರಕಾರಿ ಮಾರುವವರು ಇನ್ನೂ ಜಾಸ್ತಿ ಅನುಭವಿಸಿದರು. ಆದರೆ ಕೆಲಸ ಕೆಟ್ಟದಾಗಿ ನಡೆಯಿತು ಅಂತ ಯೋಜನೆಯೇ ತಪ್ಪು ಅನ್ನುವುದು ಯಾವ ನ್ಯಾಯ?

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಗಾಂಧಿ ಬಜಾರ್ ನೋಡಿದ್ದೀರಲ್ಲ. ಗೌರಿ ಹಬ್ಬದ ಹಿಂದಿನ ದಿನವೂ ಅಷ್ಟೇ. ಬಾಳೆಕಂದು, ತಾವರೆ, ಸೇವಂತಿಗೆ ಮಾಲೆ, ಬಾಗಿನದ ಮೊರ, ಮಾವಿನ ಸೊಪ್ಪು. ಕಾಲಿಡಲು ಜಾಗವಿಲ್ಲ, ಕಾರು ಬಂದರೆ ಅಲ್ಲಾಡಲೂ ಆಗುವುದಿಲ್ಲ. ವರ್ಷದಲ್ಲಿ ಈ ಬೀದಿಯ ವ್ಯಾಪಾರ ಭರ್ತಿಯಾಗುವ ದಿನಗಳೇ ಅವು. ಕಾರು ನುಗ್ಗಲಾಗದ ದಿನವೇ ಗಲ್ಲಾ ತುಂಬುತ್ತದೆ! ಇದನ್ನು ಕಣ್ಣೆದುರು ಇಟ್ಟುಕೊಂಡೂ ಕಾರಿಲ್ಲದೆ ಗಿರಾಕಿ ಬರಲ್ಲ ಅಂತ ಹೇಗೆ ಹೇಳುತ್ತೀರಿ? ಅರ್ಧ ಕೆಜಿ ಅವರೆಕಾಯಿ, ಒಂದು ಮೊಳ ಮಲ್ಲಿಗೆ, ಎರಡು ತೆಂಗಿನಕಾಯಿ ಕೊಳ್ಳುವವರು ಅಕ್ಕಪಕ್ಕದ ಬೀದಿಗಳಿಂದ ನಡೆದು ಬರುವವರು. ವಿದ್ಯಾರ್ಥಿ ಭವನದ ಮುಂದೆ ದೋಸೆಗೆ ಕಾದು ನಿಂತವರು ಒಳಗೆ ಸೀಟು ಸಿಗುವ ತನಕ ಅಲ್ಲೇ ಅಡ್ಡಾಡಿ ಏನಾದರೂ ಕೊಳ್ಳುತ್ತಾರೆ. ಕಾರಿನಲ್ಲಿ ಸುಮ್ನೆ ಹಾದುಹೋಗುವವರು ಏನು ಕೊಳ್ಳುತ್ತಾರೆ?

ಚೆನ್ನೈಯಲ್ಲಿ ಪಾಂಡಿ ಬಜಾರ್ ಇದೆ, ಟಿ. ನಗರದ ಆ ಗಿಜಿಗಿಜಿ ನಮ್ಮದಕ್ಕಿಂತ ದೊಡ್ಡದು. 2019ರ ನವೆಂಬರ್‌ನಲ್ಲಿ ಅಲ್ಲಿ ಅಗಲವಾದ ಫುಟ್‌ಪಾತ್ ತೆರೆದರು. ನಮ್ಮ ಚರ್ಚ್ ಸ್ಟ್ರೀಟ್‌ನಲ್ಲೇ 2020ರ ನವೆಂಬರ್‌ನಿಂದ ಕೆಲವು ತಿಂಗಳು ವಾರಾಂತ್ಯಕ್ಕೆ ಗಾಡಿ ನಿಲ್ಲಿಸಿದಾಗ ಜನ ಮಕ್ಕಳನ್ನು ಕರೆದುಕೊಂಡು ಬಂದು ಅಡ್ಡಾಡಿದರು. ಬಸವನಗುಡಿಗೆ ಮಾತ್ರ ಯಾಕೆ ಬೇಡ? ಪ್ಲೇಗ್ ಬಂದ ಕಾಲದಲ್ಲಿ, 1898ರಲ್ಲಿ, ಜನ ಗಾಳಿ ಬೆಳಕಿನಲ್ಲಿ ಬದುಕಲಿ ಅಂತ ಕಟ್ಟಿದ ಬಡಾವಣೆ ಇದು.

ಬೆಂಗಳೂರಿನಲ್ಲಿ ನೋಂದಣಿಯಾದ ಗಾಡಿಗಳು ಒಂದು ಕೋಟಿ ದಾಟಿವೆ. ಇವಕ್ಕೆಲ್ಲ ಸಾಲುವಷ್ಟು ಅಗಲ ಮಾಡಲು ಗಾಂಧಿ ಬಜಾರ್ ಪೂರ್ತಿ ಒಡೆದರೂ ಆಗುವುದಿಲ್ಲ. ಅಗಲ ಮಾಡಿದಷ್ಟೂ ಗಾಡಿ ಬರುತ್ತದೆ, ನಗರದ ಪ್ರತಿ ರಸ್ತೆಯಲ್ಲೂ ಇದನ್ನೇ ನೋಡುತ್ತಿದ್ದೇವೆ. ಇನ್ನೊಂದು ಕಡೆ, ಫುಟ್‌ಪಾತಿನಲ್ಲಿ ಕನಿಷ್ಠ 1.8 ಮೀಟರ್ ಅಡ್ಡಿಯಿಲ್ಲದ ಜಾಗ ಇರಬೇಕು ಅಂತ ದೇಶದ ರಸ್ತೆಗಳಿಗೆ ಮಾನದಂಡ ಗೊತ್ತು ಮಾಡುವ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾರ್ಗಸೂಚಿಯೇ ಇದೆ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ನಡೆಯಲು ಫುಟ್‌ಪಾತ್ ಇರುವುದು ಬದುಕುವ ಹಕ್ಕಿನ ಭಾಗ ಅಂದಿತು. ನಾವು ನಿನ್ನೆ ಚಪ್ಪಾಳೆ ತಟ್ಟಿದ್ದು ಅದನ್ನು ಒಡೆಯಲು.

ನಮ್ಮ ಚಿಕ್ಕಮ್ಮನಿಗೆ ಮಂಡಿ ಆಪರೇಷನ್ ಆಗಿದೆ. ಮೊದಲು ಮನೆ ಬಿಟ್ಟು ಹೊರಡಬೇಕಾದರೆ ಆಟೋ ಬೇಕಿತ್ತು. ಈಗ ಕೋಲು ಹಿಡಿದು ತಾವೇ ಹೋಗಿ, ಪರಿಚಯದ ಹೂವಿನವರ ಹತ್ತಿರ ಚೌಕಾಸಿ ಮಾಡಿ, ಚೀಲ ಹಿಡಿದು ವಾಪಸ್ ಬರುತ್ತಾರೆ. ಸಿಗ್ನಲ್ ತಪ್ಪಿಸಲು ಫುಟ್‌ಪಾತ್ ಹತ್ತುವ ಬೈಕಿನವರು ಹಿಂದಿನಿಂದ ಹಾರನ್ ಹೊಡೆದರೆ ಮಾತ್ರ ಗೋಡೆಗೆ ಒರಗಿ ನಿಲ್ಲಬೇಕು. ಫುಟ್‌ಪಾತಿನ ಮೇಲೆ ಹಾರನ್! ಸಭೆಯಲ್ಲಿ ಒಬ್ಬರಾದರೂ ಅದರ ಬಗ್ಗೆ ಮಾತಾಡಲಿಲ್ಲ.

ಫುಟ್‌ಪಾತ್ ಒಡೆಯಲು ಮನವಿ ಬರೆದು ಮನೆಮನೆಗೆ ಸಹಿಗೆ ಬರುತ್ತಾರಂತೆ. ನಾನು ಹಾಕುವುದಿಲ್ಲ. ನಾನೂ ಒಂದು ಮನವಿ ಬರೆಯುತ್ತಿದ್ದೇನೆ. ಬೈಕ್ ಹತ್ತದ ಹಾಗೆ, ಆದರೆ ವೀಲ್‌ಚೇರ್ ನುಗ್ಗುವ ಹಾಗೆ ಕಂಬ ನೆಡಿ. ಅಂಗಡಿಗಳಿಗೆ ಸಾಮಾನು ಇಳಿಸಲು ಬೆಳಗಿನ ಹೊತ್ತು ಗೊತ್ತು ಮಾಡಿ, ಜಾಗ ಗುರುತಿಸಿ. ಅಡ್ಡ ನಿಲ್ಲಿಸಿದ ಕಾರನ್ನು ಎತ್ತಿಕೊಂಡು ಹೋಗಿ, ಅದು ಯಾರದ್ದೇ ಆಗಿರಲಿ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯಂತೆ ಹೂವು ತರಕಾರಿಯವರಿಗೆ ಅಲ್ಲೇ ಜಾಗ ಕೊಡಿ, ಪದೇ ಪದೇ ಎಬ್ಬಿಸಬೇಡಿ. ಗಾಡಿಗಳು ಅಡ್ಡರಸ್ತೆಗಳಿಗೆ ನುಗ್ಗುತ್ತಿವೆ ಅನ್ನುವ ದೂರು ಇದೆಯಲ್ಲ, ಅದಕ್ಕೆ ಅಲ್ಲಿ ಹಂಪ್, ಒನ್‌ವೇ ಹಾಕಿ. ಇನ್ನೇನಾದರೂ ಬಿಟ್ಟಿದ್ದರೆ ಹೇಳಿ, ಸೇರಿಸುತ್ತೇನೆ. ಸಹಿ ಹಾಕುವವರು ತಿಳಿಸಿ. ಭಾನುವಾರ ಬೆಳಗ್ಗೆ ನಾನೇ ಮನೆಗೆ ಬರುತ್ತೇನೆ.