ಅಯೋಗ್ಯವಾಗಿ ಅಂದರೆ ಅಯೋಗ್ಯರು ಅಂತಲ್ಲ

ನಿನ್ನೆ ಆರಾಧನೆ ಮುಗಿಸಿ ಬಂದವನಿಗೆ ರಾತ್ರಿಯಿಡೀ ನಿದ್ದೆ ಬರಲಿಲ್ಲ. ಸಿಟ್ಟು. ಬೆಳಿಗ್ಗೆ ಎದ್ದರೂ ಇಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನೆ ಕರ್ತನ ಭೋಜನದ ಭಾನುವಾರ, ಅಂದರೆ ಯೇಸುವಿನ ಮರಣವನ್ನು ನೆನೆದು ಸಭೆಯವರೆಲ್ಲ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ದಿನ. ರೊಟ್ಟಿಯ ತಟ್ಟೆ ಕೈಯಿಂದ ಕೈಗೆ ದಾಟುತ್ತಾ ಬರುತ್ತಿತ್ತು. ನನ್ನ ಮುಂದಿನ ಸಾಲಿನಲ್ಲಿ ಒಬ್ಬರು ಅಕ್ಕ ಕೂತಿದ್ದರು. ತಟ್ಟೆ ಹತ್ತಿರವಾಗುತ್ತಿದ್ದ ಹಾಗೆ ಅವರ ಬೆನ್ನು ಬಿಗಿಯಾಗಿದ್ದು ನನಗೆ ಹಿಂದಿನಿಂದಲೇ ಕಾಣಿಸಿತು. ಎರಡೂ ಕೈಯಲ್ಲಿ ತಟ್ಟೆ ಹಿಡಿದರು. ತುಂಡುಗಳನ್ನೇ ನೋಡಿದರು. ತೆಗೆದುಕೊಳ್ಳದೆ ಪಕ್ಕದವರಿಗೆ ದಾಟಿಸಿ, ಬೆರಳುಗಳನ್ನು ಮಡಿಲಲ್ಲಿ ಹೆಣೆದುಕೊಂಡು ತಲೆ ಬಗ್ಗಿಸಿಬಿಟ್ಟರು. ದ್ರಾಕ್ಷಾರಸದ ಪುಟ್ಟ ಲೋಟಗಳು ಬಂದಾಗಲೂ ಹಾಗೆಯೇ. ಇದು ಮೊದಲ ಸಲವಲ್ಲ. ಎಷ್ಟೋ ತಿಂಗಳಿಂದ ನೋಡುತ್ತಿದ್ದೇನೆ.

ಹೊರಗೆ ಬಂದ ಮೇಲೆ ಸಭೆಯ ಹಿರಿಯರೊಬ್ಬರ ಹತ್ತಿರ ಮೆಲ್ಲಗೆ ಹೇಳಿದೆ, ಯಾರಾದರೂ ಅವರ ಜೊತೆ ಮಾತಾಡಬೇಕಲ್ಲವಾ ಅಂತ. ಅವರು ಅಂದರು: "ಬಿಡಪ್ಪಾ, ಒಳ್ಳೇದೇ ಆಯ್ತು. ಯೋಗ್ಯತೆ ಬರೋವರೆಗೂ ಕಾಯ್ಲಿ. ಅಷ್ಟಾದ್ರೂ ದೇವರ ಭಯ ಇದೆಯಲ್ಲ."

ಯೋಗ್ಯತೆ! ಆ ಒಂದು ಮಾತು ನನ್ನ ಕಿವಿಯಲ್ಲಿ ಕೂತುಬಿಟ್ಟಿದೆ.

ಅವರು ಆ ಮಾತನ್ನು ಎಲ್ಲಿಂದ ತಂದರು ಅಂತ ನನಗೆ ಗೊತ್ತು. ಬೈಬಲಿನಲ್ಲಿ ಪೌಲ ಕೊರಿಂಥದ ಸಭೆಯವರಿಗೆ ಬರೆದ ಮೊದಲ ಪತ್ರ, 11ನೇ ಅಧ್ಯಾಯ, 27ನೇ ವಚನ. ಅಯೋಗ್ಯವಾಗಿ ತಿಂದು ಕುಡಿಯುವವನು ಕರ್ತನಿಗೆ ದ್ರೋಹಿ. ಪ್ರತಿ ಸಲ ತಟ್ಟೆ ಎತ್ತುವ ಮೊದಲು ಅದನ್ನೇ ಓದುತ್ತಾರೆ. ಆದರೆ ಐದೇ ಐದು ವಚನ ಹಿಂದಕ್ಕೆ ಹೋಗಿ ಓದಿ. ಕೊರಿಂಥದ ಸಭೆಯಲ್ಲಿ ನಡೆದಿದ್ದೇನು? ಉಳ್ಳವರು ಮೊದಲೇ ಕೂತು ಹೊಟ್ಟೆ ತುಂಬಾ ಉಂಡು ಕುಡಿಯುತ್ತಿದ್ದರು, ಇಲ್ಲದವರು ಹಸಿದು ನಿಂತಿರುತ್ತಿದ್ದರು. ಪೌಲನ ಸಿಟ್ಟು ಅವರ ಮೇಲೆ. ಏನೂ ಇಲ್ಲದವರನ್ನು ನಾಚಿಕೆಪಡಿಸುತ್ತೀರಾ ಅಂತ ಕೇಳುತ್ತಾನೆ, 22ನೇ ವಚನದಲ್ಲಿ. ಅಯೋಗ್ಯವಾಗಿ ತಿನ್ನುವುದು ಅಂದರೆ ಆ ರೀತಿ ತಿನ್ನುವುದು. ಆ "ವಾಗಿ"ಯನ್ನು ಗಮನಿಸಿ. ತಿನ್ನುವ ರೀತಿಯ ಬಗ್ಗೆ ಹೇಳಿದ ಮಾತು ಅದು. ಅಯೋಗ್ಯರು ಹತ್ತಿರ ಬರಬಾರದು ಅಂತ ಅಲ್ಲಿ ಎಲ್ಲಿದೆ? ಮುಂದಿನ ವಚನದಲ್ಲೇ ಇದೆ, ತನ್ನನ್ನು ತಾನು ಪರೀಕ್ಷಿಸಿಕೊಂಡು ತಿನ್ನಲಿ ಅಂತ. ತಿನ್ನಲಿ ಅಂತಲೇ ಇದೆ.

ಇನ್ನೊಬ್ಬರನ್ನು ನಾಚಿಕೆಗೆ ಗುರಿಮಾಡಬೇಡಿ ಅಂತ ಬರೆದ ಮಾತನ್ನೇ ಹಿಡಿದು ನಾವು ಒಬ್ಬ ಹೆಣ್ಣುಮಗಳನ್ನು ತಿಂಗಳುಗಟ್ಟಲೆ ನಾಚಿಕೆಯಲ್ಲಿ ಕೂರಿಸಿದ್ದೇವೆ. ಮೇಲಿಂದ ಅದಕ್ಕೆ ದೇವರ ಭಯ ಅಂತ ಹೆಸರು ಕೊಟ್ಟಿದ್ದೇವೆ. ನನ್ನ ಸಂಕಟ ಇಷ್ಟೇ.

ಈಗ ನನ್ನ ವಿಷಯ. ಬರೆಯಲೋ ಬೇಡವೋ ಅಂತ ಎರಡು ಸಲ ಅಳಿಸಿದೆ.

ನಾನು ಮೊದಲಿದ್ದ ಸಭೆಯಲ್ಲಿ ಕಾಣಿಕೆ ಲೆಕ್ಕ ನೋಡುತ್ತಿದ್ದೆ ಅಂತ ಹಳಬರಿಗೆ ಗೊತ್ತು. ಯಾಕೆ ಬಿಟ್ಟೆ ಅನ್ನುವುದು ನಿಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಸಾಲದವರು ಕುತ್ತಿಗೆಗೆ ಬಂದಿದ್ದ ಒಂದು ತಿಂಗಳು ನಾನು ಆ ಹಣ ತೆಗೆದೆ. ಮಕ್ಕಳು ಹಾಕಿದ್ದ ಚಿಲ್ಲರೆ ಕೂಡ ಅದರಲ್ಲಿತ್ತು, ಎಣಿಸಿದ್ದು ಈ ಕೈಯೇ. ನಾಲ್ಕು ತಿಂಗಳಲ್ಲಿ ಅಷ್ಟನ್ನೂ ವಾಪಸ್ ಇಟ್ಟೆ. ಯಾರಿಗೂ ಗೊತ್ತಾಗಲಿಲ್ಲ. ಆಮೇಲೆ ಆರು ವರ್ಷ ನಾನು ಕರ್ತನ ಭೋಜನ ಮುಟ್ಟಲಿಲ್ಲ. ತಟ್ಟೆ ಬಂದಾಗ ಎದ್ದು ಹೊರಗೆ ಹೋಗುತ್ತಿದ್ದೆ, ಫೋನ್ ಬಂದವನ ಹಾಗೆ. ಹಾಡುವಾಗ ಬಾಯಿ ಆಡುತ್ತಿತ್ತು, ಒಳಗೊಂದು ಧ್ವನಿ "ಕಳ್ಳ, ಕಳ್ಳ" ಅನ್ನುತ್ತಲೇ ಇರುತ್ತಿತ್ತು. ಆ ಧ್ವನಿ ದೇವರದ್ದೇ ಅಂತ ನಾನು ನಂಬಿದ್ದೆ. ನನ್ನನ್ನು ನಾನೇ ಬೈದುಕೊಂಡಷ್ಟೂ ದೇವರಿಗೆ ಸಮಾಧಾನ ಆಗುತ್ತದೆ ಅಂದುಕೊಂಡಿದ್ದೆ.

ಆ ಧ್ವನಿಗೆ ಬೈಬಲಿನಲ್ಲಿ ಹೆಸರಿದೆ. ಸೈತಾನ ಅನ್ನುವ ಇಬ್ರಿಯ ಪದವನ್ನು ದೂರು ಹೊರಿಸುವವನಿಗೆ ಬಳಸುತ್ತಾರೆ. ಪ್ರಕಟನೆ 12ರಲ್ಲಿ ಅವನು ಹಗಲಿರುಳೂ ದೂರು ಹೇಳುವವನು. ಯೇಸು ಕಳಿಸಿಕೊಡುತ್ತೇನೆ ಅಂದ ಪವಿತ್ರಾತ್ಮನಿಗೆ ಯೋಹಾನ 14ರಲ್ಲಿರುವ ಹೆಸರು ಸಹಾಯಕ. ಗ್ರೀಕಿನಲ್ಲಿ ಅದು ಕೋರ್ಟಿನಲ್ಲಿ ನಮ್ಮ ಪರವಾಗಿ ಪಕ್ಕದಲ್ಲಿ ನಿಲ್ಲುವವನಿಗೂ ಹೇಳುವ ಮಾತು. ಆರು ವರ್ಷ ನಾನು ದೂರುಗಾರನ ಮಾತನ್ನು ಸಹಾಯಕನ ಮಾತು ಅಂತ ತಲೆ ಮೇಲೆ ಹೊತ್ತುಕೊಂಡಿದ್ದೆ.

ಕೊನೆಗೆ ಪಾಸ್ಟರ್ ಹತ್ತಿರ ಹೋಗಿ ಹೇಳಿದೆ. ಅವರು ಗದರಲೂ ಇಲ್ಲ, ಪರವಾಗಿಲ್ಲ ಬಿಡು ಅಂತಲೂ ಅನ್ನಲಿಲ್ಲ. ಯೋಹಾನನ ಮೊದಲ ಪತ್ರ ತೆಗೆದು ಮೂರನೇ ಅಧ್ಯಾಯದ 20ನೇ ವಚನದ ಮೇಲೆ ಬೆರಳಿಟ್ಟು ಓದು ಅಂದರು. ನಮ್ಮ ಹೃದಯವೇ ನಮ್ಮನ್ನು ದೋಷಿ ಅಂದರೂ ದೇವರು ನಮ್ಮ ಹೃದಯಕ್ಕಿಂತ ದೊಡ್ಡವನು, ಎಲ್ಲವನ್ನೂ ಬಲ್ಲವನು. ದೇವರಿಗೆ ಎಲ್ಲವೂ ಗೊತ್ತು ಅನ್ನುವುದು ಅಲ್ಲಿಯತನಕ ನನಗೆ ಬೆದರಿಕೆ ಆಗಿತ್ತು. ಯೋಹಾನ ಅದನ್ನು ಧೈರ್ಯ ಹೇಳಲು ಬರೆದಿದ್ದಾನೆ! ಎಲ್ಲ ಗೊತ್ತಿದ್ದೂ ಬಿಡದವನು. ಅವತ್ತು ಆ ಕೋಣೆಯಲ್ಲಿ ನಾನು ಅತ್ತಷ್ಟು ನನ್ನ ತಂದೆ ತೀರಿಕೊಂಡಾಗಲೂ ಅತ್ತಿರಲಿಲ್ಲ.

"ಹೀಗೆ ಪ್ರೀತಿ ಪ್ರೀತಿ ಅಂತ ಹೇಳಿಕೊಂಡು ಹೋದರೆ ಜನ ಸಡಿಲ ಆಗ್ತಾರೆ, ಪಾಪಕ್ಕೆ ಬೆಲೆಯೇ ಇಲ್ಲವಾ?" ಅಂತ ಕೇಳುವವರು ಇದ್ದೇ ಇರುತ್ತಾರೆ. ಅಗ್ಗದ ಕೃಪೆ, ಅಂದರೆ ಪಶ್ಚಾತ್ತಾಪವಿಲ್ಲದೆ ಸುಲಭಕ್ಕೆ ಹಂಚುವ ಕ್ಷಮೆ, ಅನ್ನುವ ಮಾತನ್ನೂ ಎತ್ತುತ್ತಾರೆ. 1937ರಲ್ಲಿ ಆ ಮಾತು ಬರೆದವರು ಜರ್ಮನಿಯ ಡೀಟ್ರಿಚ್ ಬೊನ್‌ಹಾಫರ್, 1945ರಲ್ಲಿ ನಾಜಿಗಳು ಗಲ್ಲಿಗೇರಿಸಿದ ಪಾಸ್ಟರ್. ಅವರ ಮಾತನ್ನು ಪೂರ್ತಿ ಓದಿ. ಕೃಪೆ ದುಬಾರಿ, ಯಾಕೆಂದರೆ ಅದಕ್ಕೆ ದೇವರು ತನ್ನ ಮಗನ ಪ್ರಾಣವನ್ನೇ ಕೊಟ್ಟ, ಅಂತ ಅವರು ಬರೆದಿದ್ದು. ಬೆಲೆ ಅಲ್ಲಿ ತೆತ್ತಾಗಿದೆ. ಆ ಅಕ್ಕ ತಲೆ ತಗ್ಗಿಸಿ ಕೂತು ಅದರ ಮೇಲೆ ಇನ್ನೆಷ್ಟು ಸೇರಿಸಬೇಕು? ಇನ್ನು ಸಡಿಲ ಆಗುವ ಮಾತು. ಕ್ಷಮೆ ಸಿಕ್ಕಿದ ಮೇಲೆ ನಾನು ಕಮಿಟಿ ಮುಂದೆ ನಿಂತು ಎಲ್ಲ ಹೇಳಿದೆ, ಲೆಕ್ಕದ ಪುಸ್ತಕ ಒಪ್ಪಿಸಿದೆ. ಅದನ್ನು ಮಾಡುವ ಧೈರ್ಯ ನಾಚಿಕೆಯ ಆರು ವರ್ಷಗಳಲ್ಲಿ ಒಂದು ದಿನವೂ ಬಂದಿರಲಿಲ್ಲ. ನಾಚಿಕೆ ನನಗೆ ಕಲಿಸಿದ್ದು ಅಡಗುವುದೊಂದನ್ನೇ.

ಯೋಗ್ಯತೆ ಅಂತೀರಲ್ಲ, ಯೇಸು ಈ ಭೋಜನವನ್ನು ಮೊದಲ ಸಲ ಕೊಟ್ಟ ರಾತ್ರಿ ಆ ಮೇಜಿನ ಸುತ್ತ ಯೋಗ್ಯರು ಯಾರಿದ್ದರು? ಬೆಳಗಾಗುವುದರೊಳಗೆ ಮೂರು ಸಲ ಅವನನ್ನು ಅರಿಯೆನು ಅನ್ನಲಿದ್ದ ಶಿಷ್ಯ ಪೇತ್ರ ಇದ್ದ. ಬಿಟ್ಟು ಓಡಿಹೋಗಲಿದ್ದ ಉಳಿದವರಿದ್ದರು. ಅವನನ್ನು ಹಿಡಿದುಕೊಡುವವನ ಕೈ ಕೂಡ ಮೇಜಿನ ಮೇಲಿತ್ತು ಅನ್ನುತ್ತಾನೆ ಸುವಾರ್ತೆ ಬರೆದ ಲೂಕ. ಯೇಸುವಿಗೆ ಇದೆಲ್ಲ ಗೊತ್ತಿತ್ತು, ಗೊತ್ತಿದ್ದೇ ರೊಟ್ಟಿ ಮುರಿದು ಕೊಟ್ಟ.

ಪೇತ್ರನ ಕಥೆಯಲ್ಲಿ ನನಗೆ ತುಂಬಾ ಹತ್ತಿರವಾದ ಒಂದು ಸಂಗತಿ ಇದೆ. ಅವನು ಯೇಸುವನ್ನು ಅಲ್ಲಗಳೆದಾಗ ಚಳಿ ಕಾಯಿಸುತ್ತಾ ನಿಂತಿದ್ದು ಇದ್ದಲಿನ ಬೆಂಕಿಯ ಹತ್ತಿರ. ಆ ಗ್ರೀಕ್ ಪದ ಇಡೀ ಹೊಸ ಒಡಂಬಡಿಕೆಯಲ್ಲಿ ಎರಡೇ ಕಡೆ ಬರುತ್ತದೆ. ಇನ್ನೊಂದು ಯೋಹಾನ 21ರಲ್ಲಿ, ಸತ್ತು ಎದ್ದುಬಂದ ಯೇಸು ದಡದಲ್ಲಿ ಮೀನು ಸುಡುತ್ತಾ ಕಾದಿದ್ದ ಬೆಂಕಿಗೆ. ಅದೇ ಇದ್ದಲು, ಅದೇ ಹೊಗೆಯ ವಾಸನೆ. ಪೇತ್ರನ ಹೊಟ್ಟೆಯೊಳಗೆ ಏನಾಗಿರಬೇಕು! ಯೇಸು ಮೊದಲು ಊಟಕ್ಕೆ ಕರೆದ, ಬನ್ನಿ, ಊಟ ಮಾಡಿ ಅಂತ. ನನ್ನನ್ನು ಪ್ರೀತಿಸುತ್ತೀಯಾ ಅಂತ ಮೂರು ಸಲ ಕೇಳಿದ್ದು ಊಟ ಆದ ಮೇಲೆ.

ಆ ಹಿರಿಯರೂ ಇದನ್ನು ಓದುತ್ತಾರೆ, ಗೊತ್ತು. ಓದಲಿ. ಅವರ ಮೇಲೆ ನನಗೆ ಗೌರವವಿದೆ, ಅವರ ಮಾತಿನ ಮೇಲೆ ಇಲ್ಲ.

ಅಕ್ಕನನ್ನು ಕೇಳಿಯೇ ಬರೆದಿದ್ದೇನೆ. ಇವತ್ತು ಬೆಳಿಗ್ಗೆ ಫೋನ್ ಮಾಡಿ ನನ್ನ ಆರು ವರ್ಷದ ಕಥೆ ಹೇಳಿದೆ. ಅವರ ಕಥೆ ಏನು ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಬಹಳ ಹೊತ್ತು ಸುಮ್ಮನಿದ್ದು, "ಅಣ್ಣಾ, ಮತ್ತೆ ಮೊದಲ ಸಲ ತಗೊಂಡಾಗ ಕೈ ನಡುಗ್ತಾ?" ಅಂತ ಕೇಳಿದರು. ನಡುಗಿತು ಅಂದೆ. ತುಂಡು ಕೆಳಗೆ ಬಿತ್ತು, ಪಕ್ಕದಲ್ಲಿದ್ದವರು ಇನ್ನೊಂದು ತೆಗೆದು ನನ್ನ ಕೈಯಲ್ಲಿಟ್ಟರು.

ಮುಂದಿನ ತಿಂಗಳು ಅವರ ಪಕ್ಕದಲ್ಲೇ ಕೂರುತ್ತೇನೆ.